ಕೊನೇ ಗುಂಡಿಗೆ ಮೆದು ಸೀಸ

ಯೂನಿಸ್, ಗಂಡ ಮಾಡುತ್ತಿದ್ದ ಹಾಗೆ, ಸೀಸದ ತುಂಡಿನ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಎಳೆದಳು. ಸೀಸಕ್ಕೆ ಏನೂ ಆಗಲಿಲ್ಲ. ಬೆಳಿಗ್ಗೆ ಮಗಳು ಹಚ್ಚಿದ್ದ ಉಗುರುಬಣ್ಣ ಮಾತ್ರ ಕಿತ್ತುಬಂತು.

"ಇದಲ್ಲ," ಎಂದು ಆ ತುಂಡನ್ನು ಪಕ್ಕಕ್ಕಿಟ್ಟಳು.

"ಅಮ್ಮಾ, ಕಪ್ಪು ಬಟ್ಟೆ ತುಂಬ ಬೂದಿ ಮಾಡ್ಕೊಂಡಿದೀಯ," ಎಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಕಾರ್ಲೀನ್ ಗೊಣಗಿದಳು. "ಅಪ್ಪ ಚರ್ಚಲ್ಲಿ ಪೆಟ್ಟಿಗೇಲಿ ಮಲಗಿದಾನೆ, ನೀನಿಲ್ಲಿ ಸೀಸ ಕೆರೀತಾ ಕೂತಿದೀಯಲ್ಲ. ಜನ ಏನಂದಾರು?"

"ನಿಮ್ಮಪ್ಪ ಮದುವೆಯಾದಾಗಿಂದ ನನ್ನನ್ನ ಊಟದ ಮೇಜಿನ ಮುಂದೆ ಕಾಯಿಸಿದಾನೆ. ಇವತ್ತೊಂದಿನ ಅವನೂ ಕಾಯ್ಲಿ."

ಸಾರ್ವಿಸ್ ಹಳ್ಳದ ಆಸುಪಾಸಿನಲ್ಲಿ ಹಳೇ ಕೋವಿಯವರ ಸಂಘವೊಂದಿದೆ. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಗುಂಡು ಜಡಿಯುವ ಕೋವಿ. ಅವರಲ್ಲಿ ಯಾರಾದರೂ ತೀರಿಕೊಂಡರೆ, ಪಾದ್ರಿಯ ಪ್ರಾರ್ಥನೆ ಎಷ್ಟೇ ಉದ್ದವಾಗಲಿ, ಮಣ್ಣು ಎಳೆಯುವ ಮುಂಚೆ ಒಂದು ಗುಂಡು ಹಾರಲೇಬೇಕು. ಕೋವಿ ಸತ್ತವನದೇ ಆಗಬೇಕು, ಗುಂಡಿನ ಸೀಸ ಅವನು ಕೂಡಿಟ್ಟದ್ದೇ ಆಗಬೇಕು. ಸೀಸ ಕಾಯಿಸುವ ಪಾತ್ರೆಯ ಮುಂದೆ ಅವನ ಜೊತೆ ಎಲ್ಲರಿಗಿಂತ ಹೆಚ್ಚು ಕಾಲ ಕೂತವನು ಅದನ್ನು ಸ್ಮಶಾನದ ಹಿಂದಿನ ಕೆಂಪು ಮಣ್ಣಿನ ದರೆಗೆ ಹಾರಿಸಬೇಕು. ಕೊನೇ ಗುಂಡು ಅನ್ನುತ್ತಾರೆ ಅದಕ್ಕೆ. ಹೆತ್ತ ತಾಯಿ ಸತ್ತಾಗ ಅಳದ ಗಂಡಸರು ಕೂಡ ಕೊನೇ ಗುಂಡಿನ ಸದ್ದಿಗೆ ಮೂಗು ಒರೆಸಿಕೊಳ್ಳುತ್ತಾರೆ.

ಯೂನಿಸಳ ಗಂಡ ವೆಂಡೆಲನ ವಿಷಯದಲ್ಲಿ ಎರಡು ತೊಡಕಿದ್ದವು. ಕಣಿವೆಗೆಲ್ಲ ಗುಂಡು ಎರಕ ಹೊಯ್ದು ಕೊಡುತ್ತಿದ್ದವನ ಸ್ವಂತ ಡಬ್ಬಿಯಲ್ಲಿ ಒಂದೇ ಒಂದು ಗುಂಡು ಇರಲಿಲ್ಲ. ಜಿಂಕೆ ಬೇಟೆಯ ಕಾಲ ಬಂತೆಂದು ಇದ್ದಬದ್ದದ್ದನ್ನೆಲ್ಲ ಹಂಚಿ, ಮಾರನೇ ವಾರ ಹೃದಯ ನಿಂತು ಹೋಗಿಬಿಟ್ಟಿದ್ದ. ಇನ್ನೊಂದು ತೊಡಕು, ಪಾತ್ರೆಯ ಮುಂದೆ ಅವನ ಜೊತೆ ಕೂತವನು ಡೆಲ್ಮರ್ ರಾಟ್ಲಿಫ್. ಆ ಡೆಲ್ಮರ್ ಈ ಮನೆಯ ಹೊಸ್ತಿಲು ತುಳಿದು ಇಪ್ಪತ್ತು ವರ್ಷದ ಹತ್ತಿರವಾಗಿತ್ತು.

ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವರು ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಎಣ್ಣೆ ಸೀಗೆಕಾಯಿಯಾದರು. ಯೂನಿಸಳಿಗೆ ಹುಟ್ಟಾ ಕುತೂಹಲ. ಪಕ್ಕದ ಮನೆಗೆ ಬಂದ ನೆಂಟರು ಯಾರು, ಎಷ್ಟು ದಿನ ಇರುತ್ತಾರೆ ಎಂದು ತಿಳಿಯದೆ ನಿದ್ದೆ ಬಾರದವಳು. ಅಂಥವಳು ಗಂಡನನ್ನು ಕೇಳಿ ಕೇಳಿ ಸೋತಿದ್ದಳು. ಅವನದು ಒಂದೇ ಉತ್ತರ: "ಸೀಸದ ವಿಷಯ. ನಿಂಗರ್ಥ ಆಗಲ್ಲ."

ಗಂಡನ ಮೇಲೆ ಮಣ್ಣು ಬೀಳುವುದರೊಳಗೆ ಆ ಸೀಸದ ವಿಷಯ ಏನೆಂದು ತನಗೆ ಗೊತ್ತಾಗಬೇಕು, ಮತ್ತು ಗುಂಡನ್ನು ಡೆಲ್ಮರನೇ ಹಾರಿಸಬೇಕು. ಇವತ್ತು ಯೂನಿಸ್ ಹಿಡಿದಿದ್ದ ಹಟ ಇದು. ಬೆಳಕು ಹರಿಯುವ ಮೊದಲೇ ಅವಳು ಡೆಲ್ಮರನಿಗೆ ಫೋನು ಮಾಡಿದ್ದಳು. "ಸೀಸ ಆರಿಸೋಕೆ ಬಾ. ನಂಗೆ ಯಾವುದು ಯಾವುದು ಅಂತ ಗೊತ್ತಿಲ್ಲ," ಎಂದಿದ್ದಳು ಅಷ್ಟೆ.

ಈಗ ಅಂಗಳದಲ್ಲಿ ಟ್ರಕ್ಕಿನ ಸದ್ದಾಯಿತು. ಅಡುಗೆಮನೆಯಲ್ಲಿ ಹಂದಿತೊಡೆಯ ಮಾಂಸ ಹೆಚ್ಚುತ್ತಿದ್ದ ವೆಂಡೆಲನ ಅಕ್ಕ ಮಾವಿಸ್ ಚಾಕು ಹಿಡಿದುಕೊಂಡೇ ಓಡಿಬಂದಳು.

"ಅವನನ್ನ ಕರೆಸಿದೀಯಾ? ಯೂನಿಸ್, ನಿಂಗೇನು ತಲೆ ಕೆಟ್ಟಿದ್ಯಾ? ನನ್ನ ತಮ್ಮ ಬದುಕಿದ್ದಿದ್ರೆ—"

"ಬದುಕಿದ್ದಿದ್ರೆ ಕರೆಸ್ತಿರ್ಲಿಲ್ಲ. ಮೊದಲು ಚಾಕು ಒಳಗಿಡು, ಹೊಡೆಯೋಕೆ ಬಂದ ಹಾಗಿದೆ."

ಡೆಲ್ಮರ್ ತೋಳು ಗಿಡ್ಡವಾದ ಕೋಟು ತೊಟ್ಟು, ಹ್ಯಾಟನ್ನು ಕೈಯಲ್ಲಿ ಹಿಡಿದು ಬಂದ. ಮರದ ಮಿಲ್ಲಿನಲ್ಲಿ ದುಡಿದ ಕೈ, ಒಂದು ಬೆರಳು ಅರ್ಧ ಇಲ್ಲ. ಹೊಸ್ತಿಲ ಬಳಿ ಕಾಲು ತಡೆದ. ಅವನ ಕಣ್ಣು ಗ್ಯಾರೇಜಿನ ಗೋಡೆ, ಒಲೆ, ಬೆಂಚು ಎಲ್ಲವನ್ನೂ ಒಮ್ಮೆ ಸುತ್ತಿ ಬಂತು.

"ಯೂನಿಸ್."

"ಡೆಲ್ಮರ್. ಒಳಗೆ ಬಾ. ಬಯ್ಯೋನು ಹೊರಟುಹೋದ."

ಅವನು ಒಳಗೆ ಬಂದವನೇ ಕಪಾಟಿನ ಮುಂದೆ ಬಗ್ಗಿದ. ಅಲ್ಲಿ ಸೀಸದ ತುಂಡುಗಳು ಎರಡು ಆಕಾರದಲ್ಲಿ ಜೋಡಿಸಿದ್ದವು. ಕೆಲವು ಪುಟ್ಟ ಮಫಿನ್ ಕೇಕಿನ ಹಾಗೆ ಗುಂಡಗೆ, ಕೆಲವು ಜೋಳದ ತೆನೆಯ ಹಾಗೆ ಕಾಳು ಕಾಳಾಗಿ. ಮದುವೆಯಾದ ಹೊಸದರಲ್ಲಿ ವೆಂಡೆಲ್ ಅಡುಗೆಮನೆಯಿಂದ ಮಫಿನ್ ತಟ್ಟೆ ಕದ್ದಿದ್ದ, ಮುಂದಿನ ವರ್ಷ ಜೋಳದ ರೊಟ್ಟಿಯ ಅಚ್ಚನ್ನು ಕದ್ದಿದ್ದ. ಸೀಸ ಮುಟ್ಟಿದ ಪಾತ್ರೆ ಮತ್ತೆ ಅಡುಗೆಗೆ ಬಾರದು. ಅಲ್ಲಿಂದಾಚೆಗೆ ಯೂನಿಸಳಿಗೆ ಯಾರಾದರೂ ಕ್ರಿಸ್‌ಮಸ್‌ಗೆ ಉಡುಗೊರೆ ಕೊಟ್ಟರೆ ಅದು ಮಫಿನ್ ತಟ್ಟೆಯೇ ಆಗಿರುತ್ತಿತ್ತು.

"ಇನ್ನೂ ಹಾಗೇ ಇಟ್ಟಿದಾನೆ," ಎಂದ ಡೆಲ್ಮರ್. "ಮಫಿನ್ ಅಂದ್ರೆ ಮೆದು, ತೆನೆ ಅಂದ್ರೆ ಗಡಸು. ಈ ಲೆಕ್ಕ ಮಾಡಿದ್ದು ನಾನು."

"ಮೆದು, ಗಡಸು ಅಂದ್ರೆ ಏನು ವ್ಯತ್ಯಾಸ?"

ಡೆಲ್ಮರ್ ಒಂದು ಮಫಿನ್ನನ್ನು ಮೊಣಕಾಲಿನ ಎತ್ತರದಿಂದ ಸಿಮೆಂಟು ನೆಲಕ್ಕೆ ಬಿಟ್ಟ. ದೊಪ್ಪೆಂದು ಬಿತ್ತು. ಆಮೇಲೆ ತೆನೆಯನ್ನು ಬಿಟ್ಟ. ಅದು ಟಿಣ್ಣೆಂದಿತು.

"ಬರೀ ಸೀಸ ಸತ್ತ ಸದ್ದು ಮಾಡುತ್ತೆ. ತವರ, ಆಂಟಿಮನಿ ಸೇರಿದ್ರೆ ಹಾಡುತ್ತೆ. ಈಗಿನ ಕೋವಿಗೆ ಗಡಸು ಬೇಕು, ಗುಂಡು ವೇಗವಾಗಿ ಹೋಗುತ್ತಲ್ಲ, ಮೆದು ಆದ್ರೆ ನಳಿಗೆಗೆಲ್ಲ ಬಳ್ಕೊಂಡುಬಿಡುತ್ತೆ. ನಮ್ಮ ಹಳೇ ಕೋವಿಗೆ ಮೆದೂನೇ ಆಗ್ಬೇಕು. ಬಟ್ಟೆ ಸುತ್ತಿ ಬಾಯಿಂದ ತುರುಕಬೇಕು. ಗಡಸು ಗುಂಡು ಅರ್ಧ ದಾರೀಲೆ ಮೊಂಡು ಬಿದ್ದುಬಿಡುತ್ತೆ."

"ನನ್ನ ಗಂಡನ ಥರ."

ಡೆಲ್ಮರ್ ನಗಲಿಲ್ಲ, ಆದರೆ ಬಾಯಿಯ ಒಂದು ಮೂಲೆ ಅಲುಗಿತು. ಅವನು ಮಫಿನ್ನಿನ ಮೇಲೆ ಉಗುರೆಳೆದ. ಬೆಣ್ಣೆಯ ಮೇಲೆ ಎಳೆದಂತೆ ಹೊಳೆಯುವ ಗೆರೆ ಮೂಡಿತು.

"ಇದೇ," ಎಂದ. ಗ್ಯಾಸಿನ ಒಲೆ ಹೊತ್ತಿಸಿ, ಕಬ್ಬಿಣದ ಪಾತ್ರೆಗೆ ಎರಡು ಮಫಿನ್ ಇಟ್ಟ. ಸೌಟು, ಇಕ್ಕಳದಂಥ ಅಚ್ಚು, ಮರದ ಪುಟ್ಟ ಸುತ್ತಿಗೆ, ಎಲ್ಲವನ್ನೂ ಹುಡುಕದೆಯೇ ಕೈ ಚಾಚಿ ತೆಗೆದು ಸಾಲಾಗಿ ಇಟ್ಟುಕೊಂಡ. ಯಾವುದು ಎಲ್ಲಿರುತ್ತದೆಂದು ಅವನಿಗಿನ್ನೂ ನೆನಪಿತ್ತು.

ಕಾರ್ಲೀನಳನ್ನು ಯೂನಿಸ್ ಚರ್ಚಿಗೆ ಮುಂದೆ ಕಳಿಸಿದಳು. ಸೀಸ ಕರಗುವಷ್ಟು ಹೊತ್ತು ಅವಳಿಗೆ ಬೇಕಿತ್ತು.

"ಈಗ ಹೇಳು," ಎಂದಳು. "ಏನಾಯ್ತು ಅವತ್ತು?"

ಡೆಲ್ಮರ್ ಪಾತ್ರೆಯನ್ನೇ ನೋಡುತ್ತಿದ್ದ. "ಅವನು ಹೇಳ್ಲಿಲ್ವಾ?"

"ಸೀಸದ ವಿಷಯ ಅಂದ."

"ಹೌದು, ಸೀಸದ ವಿಷಯಾನೇ." ಅವನು ಒಲೆಯ ಉರಿ ತಗ್ಗಿಸಿದ. "ರಾಜ್ಯಮಟ್ಟದ ಗುರಿ ಹೊಡೆಯೋ ಪಂದ್ಯ ಹತ್ತಿರ ಇತ್ತು. ಪಿಸ್ತೂಲಿನ ಗುಂಡಿಗೆ ಅಂತ ಅವನು ಬಹಳ ವರ್ಷದಿಂದ ಒಂದು ಮಿಶ್ರಣ ಕೂಡಿಟ್ಟಿದ್ದ. ಛಾಪಾಖಾನೆಯ ಹಳೇ ಅಚ್ಚಿನ ಸೀಸ, ಯಾರದೋ ಅಜ್ಜಿಯ ತವರದ ಲೋಟ, ಏನೇನೋ. ಇನ್ನೊಂಚೂರು ಬೇಕಿತ್ತು. ಟೈರ್ ಅಂಗಡಿಯವರು ಚಕ್ರದ ಅಂಚಿಗೆ ಹೊಡೀತಾರಲ್ಲ ತೂಕದ ತುಂಡು, ಅದನ್ನ ನಾನು ಒಂದು ಬಕೆಟ್ ತಂದುಕೊಟ್ಟೆ. ಅದರಲ್ಲಿ ಕೆಲವು ಸತುವಿನವೂ ಬರುತ್ವೆ. ನೋಡೋಕೆ ಒಂದೇ ಥರ. ಕಟ್ಟರಲ್ಲಿ ಕಚ್ಚಿದ್ರೆ ಸೀಸದೊಳಗೆ ಹಲ್ಲು ಹೋಗುತ್ತೆ, ಸತು ಮೇಲೆ ಜಾರುತ್ತೆ. ನಾನು ಒಂದೊಂದನ್ನೂ ಕಚ್ಚಿ ನೋಡಿದ್ದೆ, ಯೂನಿಸ್. ಒಂದೊಂದನ್ನೂ."

"ಆಮೇಲೆ?"

"ಬಕೆಟ್ ರಾತ್ರಿಯೆಲ್ಲ ಇಲ್ಲೇ ಇತ್ತು. ಬೆಳಿಗ್ಗೆ ಬೆಂಕಿ ಜೋರು ಮಾಡಿ ಎಲ್ಲಾನೂ ಒಟ್ಟಿಗೇ ದೊಡ್ಡ ಪಾತ್ರೆಗೆ ಸುರಿದ್ವಿ. ಒಂದ್ಹೊತ್ತಿಗೆ ಗಂಜಿ ಥರ ಗಟ್ಟಿಯಾಯ್ತು. ಸತು ಒಂದು ತುಂಡು ಸಾಕು, ಹಾಲಿಗೆ ಹುಳಿ ಹಿಂಡಿದ ಹಾಗೆ. ಅಷ್ಟು ವರ್ಷದ್ದೆಲ್ಲ ಹೋಯ್ತು. ಅವನು ನಿನ್ನ ಕಣ್ಣು ಹೋಗಿದೆ ಕಣೋ ಅಂದ. ನನ್ನ ಬಕೆಟ್ಟಲ್ಲಿ ಬಂದಿದ್ದಲ್ಲ, ನಿನ್ನ ಮನೆಯೊಳಗಿಂದ್ಲೇ ಬಿದ್ದಿರ್ಬೇಕು, ನಿನ್ನ ಹೆಂಡ್ತೀನ ಕೇಳು ಅಂದೆ ನಾನು. ಅಷ್ಟೇ ನೋಡು. ಅವಳಮ್ಮನ ಗೋರಿ ಮಣ್ಣು ಇನ್ನೂ ಆರಿಲ್ಲ, ಅವಳ ಹೆಸರೆತ್ತಿದ್ರೆ ಹುಷಾರ್, ನಡಿ ಆಚೆ ಅಂದ. ನಡೆದೆ."

ಮುಂದಿನ ವಾರ ಡೆಲ್ಮರ್ ಹೊಸ ಸೀಸ ಒಂದು ಬಕೆಟ್ ತಂದು ಈ ಬಾಗಿಲಲ್ಲಿಟ್ಟು ಹೋಗಿದ್ದನಂತೆ. ಮಾರನೇ ದಿನ ಆ ಬಕೆಟ್ ಅವನ ಬಾಗಿಲಿಗೇ ವಾಪಸ್ ಬಂದಿತ್ತಂತೆ.

"ನನ್ನ ಕಣ್ಣೇ ಮೋಸ ಮಾಡ್ತೇನೋ ಅಂತ ಆಮೇಲಾಮೇಲೆ ನಂಗೇ ಅನುಮಾನ ಬಂತು," ಎಂದ. "ಮತ್ತೆ ಒಲೆ ಹಚ್ಚಲೇ ಇಲ್ಲ. ಅಂಗಡಿ ಗುಂಡು ತಗೊಂಡು ಬೇಟೆಗೆ ಹೋಗ್ತೀನಿ. ಈ ಕೈಯಲ್ಲಿ ಅಂಗಡಿ ಗುಂಡು!"

ಯೂನಿಸಳ ಬಾಯಲ್ಲಿ ಇನ್ನೂ ಪ್ರಶ್ನೆಗಳಿದ್ದವು. "ಆ ಗಂಜಿ ಏನಾಯ್ತು? ಬಿಸಾಕಿದ್ನಾ?"

"ಯಾರಿಗ್ಗೊತ್ತು. ಬಿಸಾಕೋನಲ್ಲ ಅವನು, ತುಕ್ಕು ಹಿಡಿದ ಮೊಳೇನೂ ಎತ್ತಿಡೋನು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಬಗ್ಗಿ ಬೆಂಚಿನ ಅಡಿಗೆ ಇಣುಕಿದರು. ಕೊನೆಯ ಮೂಲೆಯಲ್ಲಿ, ಕೋಳಿ ಮೇವಿನ ಗೋಣಿಚೀಲದ ಕೆಳಗೆ ಅದಿತ್ತು. ಪಾತ್ರೆಯ ಆಕಾರಕ್ಕೆ ಹೆಪ್ಪುಗಟ್ಟಿದ ಬೂದುಬಣ್ಣದ ದೊಡ್ಡ ಮುದ್ದೆ, ಬೋರಲು ಹಾಕಿದ್ದು. ಡೆಲ್ಮರ್ ನೆಲದ ಮೇಲೆ ಕೂತು, ಎರಡೂ ಕಾಲು ಬೆಂಚಿಗೆ ಕೊಟ್ಟು ಎಳೆದ. ಕೋಟಿನ ಹೊಲಿಗೆ ಎಲ್ಲೋ ಪರ್ರೆಂದಿತು.

"ಇಷ್ಟು ವರ್ಷದಿಂದ ಇದರ ಮುಖ ನೋಡ್ಬೇಕು ಅಂತಿದ್ದೆ," ಎನ್ನುತ್ತ ಅದನ್ನು ಮಗುಚಿದ.

ಮೇಲ್ಮೈ ಒರಟಾಗಿ, ಗಂಜಿ ಬತ್ತಿದಂತಿತ್ತು. ಅದರ ನಡುವೆ ಹಾಲಿನ ಬಣ್ಣದ ದುಂಡನೆಯ ಗಾಜಿನ ಬಿಲ್ಲೆಗಳು ಹೂತುಕೊಂಡಿದ್ದವು, ನಾಲ್ಕೈದು. ಒಂದರ ಸುತ್ತ ಮಾತ್ರ ಯಾರೋ ಚಾಕುವಿನಿಂದ ಕೆರೆದು, ಒರೆಸಿ, ಏನೆಂದು ನೋಡಿದ್ದರು.

* * *

ಆ ಬೇಸಿಗೆಯಲ್ಲಿ, ಯೂನಿಸಳ ಅಮ್ಮನನ್ನು ಮಣ್ಣು ಮಾಡಿದ ಮಾರನೇ ದಿನ ಅದು. ತೌರಿನ ನೆಲಮಾಳಿಗೆ ಖಾಲಿ ಮಾಡಬೇಕಿತ್ತು. ಅಮ್ಮ ಹುರುಳಿಕಾಯಿ, ಪೀಚ್ ಹಣ್ಣು, ಟೊಮೆಟೊ ಎಲ್ಲ ತುಂಬಿಡುತ್ತಿದ್ದ ಗಾಜಿನ ಜಾಡಿಗಳು ಗೋಡೆಯುದ್ದಕ್ಕೂ. ಜಾಡಿಗಳನ್ನು ತಂಗಿ ಒಯ್ದಳು. ಹಳೇ ಕಾಲದ ಮುಚ್ಚಳಗಳು ಕೆಲವು ಉಳಿದವು. ಬೂದುಬಣ್ಣ, ಬಿಳಿ ಬೂಷ್ಟಿನಂಥ ಕಲೆ. ಯೂನಿಸ್ ಒಂದನ್ನು ಅಂಗೈಯಲ್ಲಿ ತೂಗಿ ನೋಡಿದಳು. ತಗಡಿನ ಮುಚ್ಚಳಕ್ಕೆ ಇರಬೇಕಾದ್ದಕ್ಕಿಂತ ಹೆಚ್ಚು ಭಾರ ಇತ್ತು. ಒಳಗೆ ಕೂರಿಸಿದ ಗಾಜಿನ ಭಾರ ಅದು ಎಂದು ಅವಳಿಗೆ ಹೊಳೆಯಲಿಲ್ಲ. ಬೂದುಬಣ್ಣ, ಭಾರ, ಅಂದಮೇಲೆ ಸೀಸವೇ ಇರಬೇಕು.

ಅವಳಿಗೆ ಒಂದು ಆಸೆ ಹುಟ್ಟಿತು. ಗಂಡ ಗಂಟೆಗಟ್ಟಲೆ ಕಳೆಯುವ ಆ ಕೆಲಸದಲ್ಲಿ ತನ್ನದೂ ಒಂಚೂರು ಇರಲಿ. ಅಮ್ಮ ಮುಟ್ಟಿ ತಿರುವಿದ ಮುಚ್ಚಳ ಕಸದ ತೊಟ್ಟಿಗೆ ಹೋಗದೆ ಅವನ ಗುಂಡಾಗಿ ಪಂದ್ಯಕ್ಕೆ ಹೋಗಲಿ. ಸಂಜೆ ಗ್ಯಾರೇಜಿನಲ್ಲಿ ಬಕೆಟ್ ಕಾಣಿಸಿತು. ಕೈಯಿಂದ ತುಂಡುಗಳನ್ನು ಸರಿಸಿ, ಮುಚ್ಚಳಗಳನ್ನು ಒಳಗೆ ಹುದುಗಿಸಿ, ಮೇಲೆ ಮುಚ್ಚಿಟ್ಟಳು. ಗಂಡನಿಗೆ ಆಮೇಲೆ ಹೇಳಿ ಅಚ್ಚರಿಪಡಿಸಬೇಕು ಎಂದುಕೊಂಡಳು. ಅತ್ತು ಅತ್ತು ಊದಿದ ಮುಖದಲ್ಲಿ ಆವತ್ತು ಮೊದಲ ಸಲ ಒಂದು ನಗು ಬಂದಿತ್ತು.

* * *

ಅವಳು ಹೇಳಿದ್ದು ಮೂರ್ನಾಲ್ಕು ದಿನವಾದ ಮೇಲೆ, ರಾತ್ರಿ ಊಟಕ್ಕೆ ಕೂತಾಗ. ವೆಂಡೆಲ್ ಲೋಟದ ಹಾಲಿಗೆ ಜೋಳದ ರೊಟ್ಟಿ ಪುಡಿ ಮಾಡಿ ಹಾಕಿಕೊಂಡು ಚಮಚದಲ್ಲಿ ತಿನ್ನುತ್ತಿದ್ದ.

"ನಿನ್ನ ಬಕೆಟ್ಟಿಗೆ ನಾನೊಂದು ಹಾಕಿದ್ದೆ, ಗೊತ್ತಾಯ್ತಾ? ಅಮ್ಮನ ಜಾಡಿ ಮುಚ್ಚಳ. ಉಪಯೋಗಕ್ಕೆ ಬಂತಾ?"

ಚಮಚ ಬಾಯಿಗೂ ಲೋಟಕ್ಕೂ ನಡುವೆ ನಿಂತಿತು. ಅವನು ಅವಳ ಮುಖ ನೋಡಿದ. ಅಮ್ಮ ಸತ್ತ ಮೇಲೆ ಅವಳು ಆವತ್ತೇ ಮೊದಲ ಸಲ ತಲೆ ಬಾಚಿಕೊಂಡಿದ್ದಳು.

"ಒಳ್ಳೇ ಸೀಸ," ಎಂದ ವೆಂಡೆಲ್. "ಪೂರ್ತಿ ಕರಗ್ತು. ಗುಂಡು ಚೆನ್ನಾಗಿ ಬಂತು."

ಆ ವರ್ಷ ಅವನು ಪಂದ್ಯಕ್ಕೆ ಹೋಗಲಿಲ್ಲ. ಬೆನ್ನು ಹಿಡಿದಿದೆ ಎಂದ. ಯೂನಿಸ್ ವಾರವಿಡೀ ಅವನನ್ನು ಬೋರಲು ಮಲಗಿಸಿ ನೋವಿನೆಣ್ಣೆ ತಿಕ್ಕಿದಳು. ಹಾಯ್, ಅಮ್ಮಾ ಎಂದು ಅವನು ಸರಿಯಾದ ಜಾಗದಲ್ಲೆಲ್ಲ ನರಳಿದ್ದ.

* * *

"ಒಳ್ಳೇ ಸೀಸ ಅಂದ," ಎಂದಳು ಯೂನಿಸ್. ಅವಳ ಬೆರಳು ಗಾಜಿನ ಬಿಲ್ಲೆಯ ಮೇಲಿತ್ತು. "ಡೆಲ್ಮರ್, ಇದು ನಮ್ಮಮ್ಮನ ಜಾಡಿ ಮುಚ್ಚಳ. ಹಾಕಿದ್ದು ನಾನು."

"ಹಳೇ ಮುಚ್ಚಳ ಎಲ್ಲ ಸತುವಿಂದು," ಎಂದ ಡೆಲ್ಮರ್ ಮೆಲ್ಲಗೆ.

ಅವನು ಅವಳ ಕಡೆ ನೋಡುತ್ತಿರಲಿಲ್ಲ. ಚಾಕುವಿನ ಕೆರೆತವನ್ನು ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಕಿವಿ ಕೆಂಪಾಯಿತು.

"ಅವನಿಗೆ ಗೊತ್ತಿತ್ತು," ಎಂದ.

"ನಂಗೆ ನೋವಾಗುತ್ತೆ ಅಂತ—"

"ನಿಂಗೆ ನೋವಾಗುತ್ತೆ ಅಂತ! ಸರಿ, ನಿಂಗೆ ಹೇಳ್ಬೇಡ. ನಂಗೆ ಹೇಳ್ಬೋದಿತ್ತಲ್ಲ? ಗೇಟಿನ ಹತ್ರ ನಿಂತು, ಡೆಲ್ಮರ್, ನಿನ್ನ ಕಣ್ಣು ಸರಿಯಾಗಿದೆ ಕಣೋ ಅಂತ ಒಂದು ಮಾತು. ನಾನೇನು ನಿಂಗೆ ಬಂದು ಹೇಳ್ತಿದ್ನಾ?" ಅವನು ಎದ್ದು ನಿಂತ. "ಅಂಗಡಿ ಗುಂಡು ಕೊಳ್ಳೋವಾಗ ಅವನು ಎಷ್ಟು ಸಲ ಎದುರು ಸಿಕ್ಕಿದಾನೆ ಗೊತ್ತಾ? ನನ್ನ ಕೈಲಿರೋ ಡಬ್ಬಿ ನೋಡೋನು, ಆಚೆ ತಿರುಗೋನು. ನಾನು ಅವನಿಗಿನ್ನೂ ಸಿಟ್ಟು ಅಂದ್ಕೊಂಡಿದ್ದೆ."

"ಅವನಿಗೆ ನಾಚಿಕೆ ಆಗಿತ್ತು, ಡೆಲ್ಮರ್."

"ಇರ್ಲಿ ಬಿಡು. ನಾಚಿಕೆ ಅವನ ಜೊತೇಲೇ ಮಣ್ಣಿಗೆ ಹೋಗ್ಲಿ. ಗುಂಡು ಹೋಬರ್ಟ್ ಹಾರಿಸ್ತಾನೆ, ಸಂಘದ ಅಧ್ಯಕ್ಷ ಅವನೇ ಅಲ್ವಾ. ನನ್ ಕೈಲಾಗಲ್ಲ."

ಹ್ಯಾಟು ಎತ್ತಿಕೊಂಡು ಹೊರಟೇಹೋದ. ಟ್ರಕ್ಕಿನ ಬಾಗಿಲು ಧಡ್ಡೆಂದಿತು.

ಯೂನಿಸ್ ಒಬ್ಬಳೇ ಮುದ್ದೆಯ ಮುಂದೆ ಕೂತಳು. ಗಂಡನ ಮೇಲೆ ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಸೌಟಿನಲ್ಲಿ ಹೊಡೆಯುತ್ತಿದ್ದಳು. ಹೇಳಿದ್ದಿದ್ದರೆ ತಾನು ಒಂದು ದಿನ ಅಳುತ್ತಿದ್ದೆ, ಎರಡನೇ ದಿನ ಮೂವರೂ ಕೂತು ನಗುತ್ತಿದ್ದೆವು. ಆ ಪುಣ್ಯಾತ್ಮ ಹೆಂಡತಿಯ ಒಂದು ದಿನದ ಅಳು ತಪ್ಪಿಸಲು ತನಗಿದ್ದ ಒಬ್ಬನೇ ಗೆಳೆಯನನ್ನು ತೆತ್ತಿದ್ದ. ಇಷ್ಟೊಂದು ಪ್ರೀತಿ ಯಾರು ಕೇಳಿದ್ದರು ಇವನನ್ನು? ಅವಳು ಅತ್ತಳು. ಅವನು ಸತ್ತ ದಿನದಿಂದ ಬಾರದ ಅಳು ಈಗ ಕೋಡಿ ಹರಿಯಿತು.

ಅತ್ತು ಮುಗಿದ ಮೇಲೆ ನೋಡಿದರೆ ಪಾತ್ರೆಯಲ್ಲಿ ಸೀಸ ಕನ್ನಡಿಯ ಹಾಗೆ ತಿಳಿಯಾಗಿ ನಿಂತಿತ್ತು.

ಅಡುಗೆಮನೆಯ ಕಿಟಕಿಯಿಂದ ಗಂಡನ ಕೈ ಹೇಗೆ ಆಡುತ್ತಿತ್ತೆಂದು ಅವಳು ವರ್ಷಗಟ್ಟಲೆ ನೋಡಿದ್ದಳು, ಮಾಡಿರಲಿಲ್ಲ. ಅವನ ಚರ್ಮದ ಕೈಗವಸು ಹಾಕಿಕೊಂಡಳು. ಸೌಟಿನಿಂದ ಮೇಲಿನ ಕೆನೆ ತೆಗೆದಳು. ಇಕ್ಕಳದ ಬಾಯಿ ಮುಚ್ಚಿ ಹಿಡಿದು ಅಚ್ಚಿನ ತೂತಿಗೆ ಸೀಸ ಹೊಯ್ದಳು. ಸ್ವಲ್ಪ ಕಾದು, ಸುತ್ತಿಗೆಯಿಂದ ಮೇಲಿನ ತಗಡನ್ನು ತಟ್ಟಿ, ಗುಂಡಿಗೆ ಅಂಟಿದ ಸೀಸದ ಬಾಲ ಕತ್ತರಿಸಿ, ಬಾಯಿ ತೆರೆದಳು. ಗುಂಡು ಬೆಂಚಿನ ಮೇಲಿನ ಬಟ್ಟೆಗೆ ಬಿತ್ತು. ಮೈಯೆಲ್ಲ ಸುಕ್ಕು. ಆದರೂ ದುಂಡಗಿತ್ತು, ತನ್ನ ಕೈಯದು. ಒಲೆ ಆರಿಸಿ, ಕರವಸ್ತ್ರದಲ್ಲಿ ಅದನ್ನು ಕಟ್ಟಿಕೊಂಡು, ಬೂದಿ ಬಟ್ಟೆಯಲ್ಲೇ ಚರ್ಚಿಗೆ ಹೊರಟಳು.

* * *

ಚರ್ಚಿನಲ್ಲಿ ಪಾದ್ರಿ ವೆಂಡೆಲ್ ಒಳ್ಳೆಯ ಮನುಷ್ಯ ಎಂದ, ಕೌಂಟಿಯ ಹಿಮ ತಳ್ಳುವ ಗಾಡಿ ಓಡಿಸುತ್ತ ಒಂದು ದಿನವೂ ರಜೆ ಹಾಕಲಿಲ್ಲ ಎಂದ. ಜೂಜಾಡಲಿಲ್ಲ, ಕುಡಿಯಲಿಲ್ಲ, ಸುಳ್ಳು ಹೇಳಲಿಲ್ಲ ಎಂದ. ಕೊನೆಯದಕ್ಕೆ ಯೂನಿಸಳ ಗಂಟಲಿಂದ ಒಂದು ಸದ್ದು ಹೊರಟಿತು. ಅದನ್ನು ಬಿಕ್ಕು ಎಂದುಕೊಂಡು ಕಾರ್ಲೀನ್ ಅವಳ ಬೆನ್ನು ಸವರಿದಳು.

ಗುಡ್ಡದ ಮೇಲಿನ ಸ್ಮಶಾನದಲ್ಲಿ ಪೆಟ್ಟಿಗೆ ಕೆಳಗಿಳಿಯಿತು. ಸಂಘದವರು ಸಾಲಾಗಿ ನಿಂತರು. ಹೋಬರ್ಟ್ ವೆಂಡೆಲನ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ಯೂನಿಸಳ ಮುಂದೆ ಬಂದ. ಅವಳು ಕರವಸ್ತ್ರ ಬಿಚ್ಚಿದಳು.

ಹೋಬರ್ಟ್ ಗುಂಡನ್ನು ನೋಡಿ, ಎದೆಗೆ ಗದ್ದ ಊರಿ, ದನಿ ತಗ್ಗಿಸಿದ. "ಯೂನಿಸ್, ಇದು ಒಣದ್ರಾಕ್ಷಿ ಆದ ಹಾಗಿದೆಯಲ್ಲ. ನನ್ನ ಹತ್ರ ಒಂದೊಳ್ಳೇದು ಇದೆ, ವೆಂಡೆಲೇ ಕೊಟ್ಟಿದ್ದು, ಅದನ್ನ—"

"ಇದೇ ಆಗ್ಬೇಕು. ಎರಕ ನಂದು, ಸೀಸ ಆರಿಸಿದ್ದು ಡೆಲ್ಮರ್."

ಎಲ್ಲರೂ ಕತ್ತು ತಿರುಗಿಸಿದರು. ಡೆಲ್ಮರ್ ಬಂದಿದ್ದ. ಬೇಲಿಯ ಆಚೆ, ಟ್ರಕ್ಕಿಗೆ ಒರಗಿ ನಿಂತಿದ್ದ, ಯಾವ ಕ್ಷಣದಲ್ಲಾದರೂ ಹೊರಟುಬಿಡುವವನಂತೆ.

"ಹಾರಿಸ್ಬೇಕಾದವನೂ ಅವನೇ," ಎಂದಳು ಯೂನಿಸ್.

"ಈ ಹೊತ್ತಲ್ಲಿ ಬೇಡ ಯೂನಿಸ್," ಎಂದು ಮಾವಿಸ್ ಅವಳ ತೋಳು ಹಿಡಿದಳು. "ಇಬ್ಬರಿಗೂ ಆಗ್ತಿರ್ಲಿಲ್ಲ. ಏನೋ ದೊಡ್ಡ ತಪ್ಪೇ ಮಾಡಿರ್ಬೇಕು ಅವನು, ಇಲ್ಲದಿದ್ರೆ ನನ್ನ ತಮ್ಮ ಹಾಗೆಲ್ಲ—"

"ತಪ್ಪು ಮಾಡಿದ್ದು ನಾನು ಮಾವಿಸ್." ಯೂನಿಸ್ ತೋಳು ಬಿಡಿಸಿಕೊಂಡಳು. ಬೇಲಿಯಾಚೆಗೂ ಕೇಳಿಸುವ ಹಾಗೆ ದನಿ ಎತ್ತಿದಳು. "ಎಲ್ಲರೂ ಕೇಳಿಸ್ಕೊಳ್ಳಿ. ವೆಂಡೆಲನ ಪಂದ್ಯದ ಮಿಶ್ರಣಕ್ಕೆ ಸತು ಬಿದ್ದು ಕೆಟ್ಟುಹೋಗಿತ್ತು. ಡೆಲ್ಮರ್ ತಂದ ಬಕೆಟ್ಟಲ್ಲಿ ಬಂತು ಅಂತ ಇವನನ್ನ ಆಚೆ ಅಟ್ಟಿದ್ದ. ಡೆಲ್ಮರ್ ತಂದಿದ್ದರಲ್ಲಿ ಸತು ಇರ್ಲಿಲ್ಲ. ಅವನ ಕಣ್ಣಿಗೆ ಏನೂ ಆಗಿರ್ಲಿಲ್ಲ. ಹಾಕಿದ್ದು ನಾನು, ಗೊತ್ತಿಲ್ದೆ. ನನ್ನ ಗಂಡನಿಗೆ ಗೊತ್ತಾಯ್ತು. ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ, ಸಾಯೋವರೆಗೆ." ಅವಳು ಗುಂಡಿಯೊಳಗೆ ಬಗ್ಗಿ ನೋಡಿದಳು. "ನಿನ್ನ ಮುಂದೇನೇ ಹೇಳ್ತಿದೀನಿ ಕಣೋ. ನೀನು ಹೇಳ್ಬೇಕಾಗಿತ್ತು."

ಪಾದ್ರಿ ಬೈಬಲ್ಲಿನೊಳಗೆ ಬೆರಳಿಟ್ಟುಕೊಂಡು ಆಕಾಶ ನೋಡಿದ. ಹಳೇ ಕೋವಿಯವರಿಗೆ ಪಂದ್ಯದ ಮಿಶ್ರಣ ಕೆಡುವುದೆಂದರೇನು, ಸತು ಸೀಸದ ಭೇದ ತಿಳಿಯದವನು ಅನ್ನಿಸಿಕೊಳ್ಳುವುದೆಂದರೇನು ಎಂದು ಬಿಡಿಸಿ ಹೇಳಬೇಕಾಗಿರಲಿ‌ಲ್ಲ. ಒಬ್ಬೊಬ್ಬರಾಗಿ ಅವರು ಡೆಲ್ಮರನ ಕಡೆ ತಿರುಗಿ ಹ್ಯಾಟು ತೆಗೆದರು.

ಡೆಲ್ಮರ್ ಬೇಲಿ ದಾಟಿ ಬಂದ. ಅವನ ಕೆಳದುಟಿ ಹಲ್ಲಿನೊಳಗಿತ್ತು. ಯೂನಿಸಳ ಅಂಗೈಯಿಂದ ಗುಂಡನ್ನು ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಅಚ್ಚು ತಣ್ಣಗಿದ್ರೆ ಹೀಗೇ ಸುಕ್ಕು ಬರೋದು," ಎಂದ. "ಮೊದಲಿನ ಒಂದೆರಡು ವಾಪಸ್ ಪಾತ್ರೆಗೆ ಹಾಕ್ಬೇಕು ಅಂತ ಯಾರೂ ಹೇಳ್ಲಿಲ್ವಾ?"

"ಹೇಳ್ಬೇಕಾದವನು ಎದ್ದು ಹೋಗಿದ್ದ."

"ಇದು ನೆಟ್ಟಗೆ ಹೋಗಲ್ಲ ಯೂನಿಸ್. ಎಲ್ಲಿಗೆ ಹೋಗುತ್ತೋ ದೇವರಿಗೇ ಗೊತ್ತು."

"ಎಲ್ಲಿಗಾದ್ರೂ ಹೋಗ್ಲಿ. ನೀನು ಹಾರಿಸು."

ಅವನು ಮದ್ದು ಸುರಿದ. ಬಟ್ಟೆಯ ಚೂರಿನಲ್ಲಿ ಗುಂಡನ್ನು ಕೂರಿಸಿ ನಳಿಗೆಯ ಬಾಯಿಗೆ ಒತ್ತಿದ. ಅದು ಹಟ ಮಾಡದೆ ಒಳಗೆ ಇಳಿಯಿತು. ಗಜದ ಕೋಲಿನಿಂದ ತಳಮುಟ್ಟ ಜಡಿದು, ಕೋವಿಯನ್ನು ಭುಜಕ್ಕೇರಿಸಿ, ದರೆಯ ನಡುವಿನ ಬಿಳಿ ಕಲ್ಲಿಗೆ ಗುರಿ ಹಿಡಿದ.

ಸದ್ದು ಕಣಿವೆಯಲ್ಲಿ ಉರುಳಿಕೊಂಡು ಹೋಯಿತು. ಬಿಳಿ ಹೊಗೆ ಗುಂಡಿಯ ಮೇಲೆ ಹಾದುಹೋಯಿತು. ಗಂಡಸರು ವಾಡಿಕೆಯಂತೆ ಮೂಗು ಒರೆಸಿಕೊಂಡರು.

ಹೊಗೆ ಚದುರಿದಾಗ ನೋಡಿದರೆ ಬಿಳಿ ಕಲ್ಲು ಹಾಗೇ ಇತ್ತು. ದರೆಯಲ್ಲಿ ಎಲ್ಲೂ ಮಣ್ಣು ಎದ್ದಂತೆ ಕಾಣಲಿಲ್ಲ.

"ಎಡಕ್ಕೆ ಹೋಯ್ತು," ಎಂದಳು ಯೂನಿಸ್.

"ಬಲಕ್ಕೆ. ನಾನು ನೋಡ್ದೆ."

"ಹೊಗೇಲಿ ಏನು ನೋಡ್ದೆ ನೀನು? ಆ ಬೇರಿನ ಹತ್ರ."

ಡೆಲ್ಮರ್ ಕೋವಿಯನ್ನು ಹೋಬರ್ಟನ ಕೈಗೆ ತುರುಕಿ ದರೆಯ ಕಡೆ ನಡೆದ. ಯೂನಿಸ್ ಎತ್ತರದ ಹಿಮ್ಮಡಿಯ ಚಪ್ಪಲಿ ಕಳಚಿ ಹುಲ್ಲಿನಲ್ಲೇ ಬಿಟ್ಟು ಅವನ ಹಿಂದೆ ಓಡಿದಳು. "ಅಮ್ಮಾ!" ಎಂದಳು ಕಾರ್ಲೀನ್. "ಊಟ ಆರ್ತಿದೆ," ಎಂದಳು ಮಾವಿಸ್, ಯಾರಿಗೆಂದಿಲ್ಲದೆ. ಪಾದ್ರಿ ಕೈಯಲ್ಲಿ ಹಿಡಿದಿದ್ದ ಹಿಡಿ ಮಣ್ಣನ್ನು ಹಾಕಲೋ ಬೇಡವೋ ಎಂದು ನಿಂತ.

ಇಬ್ಬರೂ ದರೆಯ ಮುಂದೆ ಮಂಡಿಯೂರಿದ್ದರು. ಅವಳು ಬೇರಿನ ಕೆಳಗೆ ಬೆರಳು ಹಾಕಿ ಕೆದಕುತ್ತಿದ್ದಳು, ಅವನು ಮಾರು ದೂರದಲ್ಲಿ ಒಂದು ತೂತಿನೊಳಗೆ ಕಣ್ಣಿಟ್ಟು ನೋಡುತ್ತಿದ್ದ. ಗುಂಡಿಯ ಪಕ್ಕ ಸಲಿಕೆ ಊರಿ ಕಾಯುತ್ತಿದ್ದ ಕೆಲಸದವನ ಕಡೆ ಡೆಲ್ಮರ್ ತಿರುಗಿಯೂ ನೋಡದೆ ಕೈ ಚಾಚಿದ.

"ಅದನ್ನ ಈ ಕಡೆ ಕೊಡಪ್ಪ ಒಂದ್ನಿಮಿಷ. ಅವನದೇನೂ ಅರ್ಜೆಂಟಿಲ್ಲ."

ಕೆಲಸದವನು ಯೂನಿಸಳ ಮುಖ ನೋಡಿದ. ಅವಳು ಕೆಂಪು ಮಣ್ಣು ಮೆತ್ತಿದ ಕೈಯಿಂದ ಕೂದಲು ಹಿಂದೆ ತಳ್ಳಿ, ಕೊಡು ಎಂದು ತಲೆಯಾಡಿಸಿದಳು. ಅವನು ಸಲಿಕೆ ಕೊಟ್ಟ. ಡೆಲ್ಮರ್ ಕೋಟು ಬಿಚ್ಚಿ ಹುಲ್ಲಿನ ಮೇಲೆ ಎಸೆದು, ಬೇರಿನ ಎಡಕ್ಕೆ, ಅವಳು ತೋರಿಸಿದಲ್ಲೇ ಅಗೆಯತೊಡಗಿದ. ಬಿದ್ದ ಒಂದೊಂದು ಹೆಂಟೆಯನ್ನೂ ಯೂನಿಸ್ ಮಡಿಲಲ್ಲಿ ಹಾಕಿಕೊಂಡು ಬೆರಳಿನಲ್ಲಿ ಒಡೆದು ಗುಂಡು ಹುಡುಕುತ್ತಿದ್ದಳು.